ಬ್ರಾಹ್ಮಿಯೂ ಒಂದೆಲಗವೂ: ಒಂದು ಗುಣಕಥನದ ವಿಮರ್ಶೆ

೧

ಮೇಧಾವರ್ಧಕವಾದ ಮೂಲಿಕೆಗಳಲ್ಲಿ ಬ್ರಾಹ್ಮಿಗೆ ಅಗ್ರಸ್ಥಾನವುಂಟೆಂಬುದು ಕನ್ನಡನಾಡಿನಲ್ಲಿ ರೂಢಮೂಲವಾದ ನಂಬಿಕೆ. ವೈದ್ಯಗ್ರಂಥಗಳ ಅನುವಾದಗಳು, ಮನೆಮದ್ದಿನ ಕಿರುಹೊತ್ತಗೆಗಳು, ಪತ್ರಿಕೆಗಳ ಆರೋಗ್ಯಲೇಖನಗಳು, ತೈಲ ಲೇಹ್ಯಗಳ ಸೀಸೆಗಳಿಗೆ ಅಂಟಿಸಿದ ಚೀಟಿಗಳು, ಇವೆಲ್ಲವೂ ಹೆಚ್ಚುಕಡಮೆ ಒಂದೇ ಮಾತಿನಲ್ಲಿ ಅದರ ಗುಣವನ್ನು ಕೀರ್ತಿಸುತ್ತವೆ. ಅದು ಜ್ಞಾಪಕಶಕ್ತಿಯನ್ನು ಹೆಚ್ಚಿಸುವುದು, ಚಿತ್ತವನ್ನು ಶಮನಗೊಳಿಸುವುದು, ಕಂಠವನ್ನು ತಿಳಿಮಾಡುವುದು, ಚರ್ಮರೋಗಗಳನ್ನು ಹೋಗಲಾಡಿಸುವುದು, ಆಯುಸ್ಸನ್ನು ವೃದ್ಧಿಗೊಳಿಸುವುದು, ಎಂದು ಮುಂತಾಗಿ ಆ ಪಟ್ಟಿಯು ಬೆಳೆಯುತ್ತದೆ. ಇಷ್ಟು ಗುಣಗಳನ್ನು ಓದಿದವರು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆಯೊಂದುಂಟು. ಅದು ಗುಣವನ್ನು ಕುರಿತದ್ದಲ್ಲ, ಗುಣಿಯನ್ನು ಕುರಿತದ್ದು. ಬ್ರಾಹ್ಮಿಯೆಂದರೆ ಯಾವ ಗಿಡ?

ಈ ಪ್ರಶ್ನೆಯು ಕೇವಲ ನಿಘಂಟುಕಾರರ ಕುತೂಹಲವೆಂದು ತಳ್ಳಿಹಾಕತಕ್ಕುದಲ್ಲ. ಒಂದೇ ಹೆಸರಿನಿಂದ ಎರಡು ಗಿಡಗಳು ವ್ಯವಹಾರದಲ್ಲಿದ್ದು, ಒಂದರಲ್ಲಿ ಕಂಡ ಫಲವನ್ನು ಮತ್ತೊಂದಕ್ಕೆ ಆರೋಪಿಸುವ ಪಕ್ಷದಲ್ಲಿ, ಗುಣಕಥನವು ಎಷ್ಟೇ ವಿಸ್ತಾರವಾಗಿರಲಿ, ಅದು ಯಾವ ಗಿಡದ ವಿಷಯದಲ್ಲಿಯೂ ನಿಜವಾಗಲಾರದು. ಬ್ರಾಹ್ಮಿಯ ವಿಷಯದಲ್ಲಿ ನಡೆದಿರುವುದು ಇದೇ ಎಂಬುದನ್ನು ತೋರಿಸುವುದೂ, ಆ ಗೊಂದಲದಲ್ಲಿ ಕನ್ನಡದ ಹೆಸರೊಂದು ಹೇಗೆ ದಾರಿ ತೋರಬಲ್ಲುದೆಂಬುದನ್ನು ವಿಚಾರಮಾಡುವುದೂ ಪ್ರಕೃತ ಲೇಖನದ ಉದ್ದೇಶವಾಗಿರುತ್ತದೆ.

ಬ್ರಾಹ್ಮಿಯೆಂದು ಕರೆಯಿಸಿಕೊಳ್ಳುವ ಗಿಡಗಳಲ್ಲಿ ಮೊದಲನೆಯದು ಕನ್ನಡಿಗರಿಗೆ ಸುಪರಿಚಿತವಾದ ಒಂದೆಲಗ. ತುಳುವರು ತಿಮರೆಯೆನ್ನುವುದು ಇದನ್ನೇ. ಗದ್ದೆಯ ಬದುಗಳಲ್ಲಿಯೂ, ತೋಟದ ಕಾಲುವೆಗಳ ಅಂಚಿನಲ್ಲಿಯೂ, ತೇವವಾರದ ನೆಲದಲ್ಲಿ ಇದು ಹರಡಿ ಬೆಳೆಯುತ್ತದೆ. ಇದರ ಬಳ್ಳಿಯು ನೆಲವನ್ನಪ್ಪಿ ಹರಿದು ಗೆಣ್ಣುಗೆಣ್ಣಿಗೂ ಬೇರೂರುವುದು. ಅಲ್ಲಿಂದ ಮೇಲೇಳುವ ಉದ್ದವಾದ ತೊಟ್ಟಿನ ತುದಿಯಲ್ಲಿ ದುಂಡಗಿನ ಹಲ್ಲಂಚುಳ್ಳ, ಮೂತ್ರಪಿಂಡದ ಆಕಾರದ ಒಂದೇ ಒಂದು ಎಲೆಯಿರುವುದು. ಲಿನ್ನೇಯಸನು ೧೭೫೩ರಲ್ಲಿ ಇದಕ್ಕೆ ಹೈಡ್ರೊಕಾಟೈಲ್ ಏಷಿಯಾಟಿಕ ಎಂದು ಹೆಸರಿಟ್ಟನು. ೧೮೭೯ರಲ್ಲಿ ಉರ್ಬನ್ ಎಂಬ ಜರ್ಮನ್ ವಿದ್ವಾಂಸನು ಇದನ್ನು ಸೆಂಟೆಲ್ಲ ಎಂಬ ಕುಲಕ್ಕೆ ಸೇರಿಸಿದ ಮೇಲೆ ಸೆಂಟೆಲ್ಲ ಏಷಿಯಾಟಿಕ ಎಂಬ ಹೆಸರು ನಿಂತಿತು. ಇದು ಕೊತ್ತುಂಬರಿ, ಜೀರಿಗೆ, ಓಮ ಇವುಗಳ ಕುಟುಂಬದ ಗಿಡ.

ಎರಡನೆಯದು ನೀರುಬ್ರಾಹ್ಮಿ, ಸಸ್ಯಶಾಸ್ತ್ರದಲ್ಲಿ ಬಕೋಪ ಮೊನ್ನಿಯೇರಿ. ಕೆರೆಗಳ ಅಂಚಿನಲ್ಲಿಯೂ ಜವುಗುನೆಲದಲ್ಲಿಯೂ ಹಬ್ಬುವ ಇದರ ಕಾಂಡವು ರಸಭರಿತವಾದುದು. ಎಲೆಗಳು ಉಗುರಿನಷ್ಟು ಸಣ್ಣವು, ದಪ್ಪನಾದವು, ತೊಟ್ಟಿಲ್ಲದವು. ಎದುರುಬದುರಾಗಿ ಜೋಡಿಜೋಡಿಯಾಗಿ ಕಾಂಡಕ್ಕೆ ಅಂಟಿಕೊಂಡಿರುವುವು. ಹೂವು ಬಿಳಿ ಅಥವಾ ನಸುನೀಲಿ. ಬಾಯಿಗಿಟ್ಟರೆ ಕಡುಕಹಿ. ಈಗಿನ ಸಸ್ಯಶಾಸ್ತ್ರಜ್ಞರು ಇದನ್ನು ಇಸಬಗೋಲಿನ ಕುಟುಂಬದಲ್ಲಿ ಸೇರಿಸಿರುತ್ತಾರೆ. ಅಂತು ಕೊತ್ತುಂಬರಿಗೂ ಇಸಬಗೋಲಿಗೂ ಎಷ್ಟು ದೂರವೋ ಒಂದೆಲಗಕ್ಕೂ ನೀರುಬ್ರಾಹ್ಮಿಗೂ ಅಷ್ಟೇ ದೂರ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರು ಒಂದನ್ನು ಮತ್ತೊಂದೆಂದು ಭ್ರಮಿಸುವ ಸಂಭವವೇ ಇಲ್ಲ. ಗೊಂದಲವು ಕಣ್ಣಿನದಲ್ಲ, ಹೆಸರಿನದು.

೨

ಈ ಹೆಸರಿನ ಗೊಂದಲವು ಎಂದಿನಿಂದ ಬಂದುದು? ಪ್ರಾಚೀನ ಸಂಹಿತೆಗಳಲ್ಲಿ ಅದು ಕಾಣಬರುವುದಿಲ್ಲ. ಚರಕಸಂಹಿತೆಯ ರಸಾಯನಪ್ರಕರಣದಲ್ಲಿ ನಾಲ್ಕು ಮೇಧ್ಯ ರಸಾಯನಗಳು ಹೇಳಲ್ಪಟ್ಟಿವೆ: ಮಂಡೂಕಪರ್ಣಿಯ ಸ್ವರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ಈ ನಾಲ್ಕರಲ್ಲಿ ಬ್ರಾಹ್ಮಿಯ ಹೆಸರಿಲ್ಲವೆಂಬುದು ಗಮನಾರ್ಹ. ವಿಶೇಷವಾಗಿ ಮೇಧ್ಯವೆಂಬ ಹೊಗಳಿಕೆಯಾದರೂ ಅಲ್ಲಿ ಶಂಖಪುಷ್ಪಿಗೆ ಸಂದಿರುವುದೇ ಹೊರತು ಮಂಡೂಕಪರ್ಣಿಗೂ ಅಲ್ಲ. ಬ್ರಾಹ್ಮಿಯು ಅದೇ ಗ್ರಂಥದಲ್ಲಿ ಅಪಸ್ಮಾರಚಿಕಿತ್ಸೆಯ ಸಂದರ್ಭದಲ್ಲಿ, ಹಳೆಯ ತುಪ್ಪ, ಬಜೆ, ಕೋಷ್ಠ, ಶಂಖಪುಷ್ಪಿ ಇವುಗಳೊಡನೆ ಘೃತರೂಪದಲ್ಲಿ ಬರುತ್ತದೆ. ಸುಶ್ರುತಸಂಹಿತೆಯ ಸಾಕ್ಷ್ಯವು ಇನ್ನೂ ಸ್ಪಷ್ಟವಾದುದು. ಮೇಧೆಯನ್ನೂ ಆಯುಸ್ಸನ್ನೂ ಬಯಸುವವರಿಗಾಗಿ ಹೇಳಿದ ಅದರ ಅಧ್ಯಾಯದಲ್ಲಿ ಮಂಡೂಕಪರ್ಣಿಯ ಪ್ರಯೋಗವು ಬೇರೆಯಾಗಿಯೂ ಬ್ರಾಹ್ಮಿಯ ಪ್ರಯೋಗವು ಬೇರೆಯಾಗಿಯೂ ವಿಧಿಸಲ್ಪಟ್ಟಿರುತ್ತವೆ. ಒಂದೇ ಗಿಡಕ್ಕೆ ಎರಡು ಹೆಸರಾಗಿದ್ದರೆ ಒಂದೇ ಅಧ್ಯಾಯದಲ್ಲಿ ಎರಡು ಪ್ರಯೋಗಗಳನ್ನು ಪ್ರತ್ಯೇಕವಾಗಿ ಹೇಳಲು ಕಾರಣವಿರಲಿಲ್ಲ.

೧೬ನೆಯ ಶತಮಾನದ ಭಾವಪ್ರಕಾಶಕ್ಕೆ ಬರುವ ಹೊತ್ತಿಗೆ ಸ್ಥಿತಿಯು ಬದಲಾಗಿದೆ. ಭಾವಮಿಶ್ರನು ಎರಡನ್ನೂ ಒಂದೇ ಕಡೆ ಎಣಿಸುತ್ತಾನೆ. ಬ್ರಾಹ್ಮಿಗೆ ಕಪೋತವಂಕಾ, ಸೋಮವಲ್ಲೀ, ಸರಸ್ವತೀ ಎಂಬ ಪರ್ಯಾಯಗಳನ್ನೂ, ಮಂಡೂಕಪರ್ಣಿಗೆ ಮಾಂಡೂಕೀ, ತ್ವಾಷ್ಟ್ರೀ, ದಿವ್ಯಾ, ಮಹೌಷಧೀ ಎಂಬ ಪರ್ಯಾಯಗಳನ್ನೂ ಕೊಟ್ಟು, ಬ್ರಾಹ್ಮಿಯ ಗುಣಗಳನ್ನು ವರ್ಣಿಸಿ, ಮಂಡೂಕಪರ್ಣಿಯೂ ಅದರಂತೆಯೇ ಎಂದು ಮುಗಿಸುತ್ತಾನೆ. ಎರಡು ದ್ರವ್ಯಗಳೆಂಬ ಅರಿವು ಅವನಲ್ಲಿ ಅಳಿದಿಲ್ಲ. ಆದರೆ ಗುಣದ ಭೇದವು ಅಳಿಸಿಹೋಗಿದೆ. ಗುಣಗಳಲ್ಲಿ ಭೇದವಿಲ್ಲವೆಂದಾದ ಮೇಲೆ ದ್ರವ್ಯಗಳಲ್ಲಿ ಭೇದವನ್ನು ಕಾಪಾಡುವ ಶ್ರಮವನ್ನು ಅನಂತರದವರು ವಹಿಸದೆ ಹೋದುದು ಸಹಜವೇ ಸರಿ. ಸ್ಮೃತಿಪ್ರದವೆಂಬುದೂ ಕುಷ್ಠ, ಪಾಂಡು, ಮೇಹ, ಕಾಸ, ಶೋಥ, ಜ್ವರ ಇವುಗಳನ್ನು ಪರಿಹರಿಸುವುದೆಂಬುದೂ ಆ ಗ್ರಂಥದಲ್ಲಿ ಒಂದೇ ಉಸಿರಿನಲ್ಲಿ ಬಂದಿವೆ. ಈಗಿನ ಕಿರುಹೊತ್ತಗೆಗಳ ಪಟ್ಟಿಯನ್ನು ಇದರೊಡನೆ ಹೋಲಿಸಿದವರಿಗೆ ಅದರ ಮೂಲವು ಎಲ್ಲಿಯದೆಂಬುದು ತಿಳಿಯದಿರಲಾರದು.

ಹೆಸರುಗಳು ಹುಟ್ಟುವ ಬಗೆಯನ್ನು ವಿಚಾರಿಸಿದರೆ ಈ ಗೊಂದಲದ ಕಾರಣವು ಇನ್ನಷ್ಟು ವಿಶದವಾಗುವುದು. ರಾಜನಿಘಂಟುವಿನ ಕರ್ತೃವಾದ ನರಹರಿಯು ಔಷಧಿಗಳಿಗೆ ಹೆಸರು ಬರುವ ಏಳು ನಿಮಿತ್ತಗಳನ್ನು ಹೇಳಿರುತ್ತಾನೆ: ರೂಢಿ, ಸ್ವಭಾವ, ದೇಶ್ಯೋಕ್ತಿ, ಲಾಂಛನ, ಉಪಮೆ, ವೀರ್ಯ, ಇತರಾಹ್ವಯ. ಈ ವಿಭಾಗವನ್ನು ಅನುಸರಿಸಿ ನೋಡಿದರೆ ಮಂಡೂಕಪರ್ಣಿಯೆಂಬುದು ಕಪ್ಪೆಯ ಹೋಲಿಕೆಯಿಂದ, ಅಂದರೆ ಉಪಮೆಯಿಂದ, ಬಂದ ಹೆಸರು. ಬ್ರಾಹ್ಮಿ, ಸರಸ್ವತೀ, ದಿವ್ಯಾ, ಮಹೌಷಧೀ ಇವು ಫಲವನ್ನು ನೆನೆದು ಕೊಟ್ಟ ಹೊಗಳಿಕೆಯ ಹೆಸರುಗಳು. ರೂಪವನ್ನು ಹೇಳುವ ಹೆಸರು ಗಿಡಕ್ಕೆ ಅಂಟಿಕೊಂಡಿರುತ್ತದೆ. ಆ ರೂಪವಿಲ್ಲದ ಮತ್ತೊಂದು ಗಿಡಕ್ಕೆ ಅದು ಸಲ್ಲದು. ಹೊಗಳಿಕೆಯ ಹೆಸರಿಗೆ ಆ ಬಂಧನವಿಲ್ಲ. ಬುದ್ಧಿಗೆ ಹಿತವೆಂದು ಒಂದು ನಾಡಿನವರು ಯಾವುದನ್ನು ನಂಬುವರೋ ಅದಕ್ಕೆ ಆ ಹೆಸರು ಸಲೀಸಾಗಿ ಹೋಗಿ ಸೇರುವುದು.

ನಡೆದುದೂ ಹಾಗೆಯೇ. ಮಲಬಾರಿನ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡನ ಪ್ರಯತ್ನದಿಂದ ೧೬೭೮ರಿಂದ ೧೬೯೩ರವರೆಗೆ ೧೨ ಸಂಪುಟಗಳಲ್ಲಿ ಹೊರಬಂದ ಹೋರ್ಟಸ್ ಮಲಬಾರಿಕಸ್ ಎಂಬ ಗ್ರಂಥದ ೧೦ನೆಯ ಸಂಪುಟದಲ್ಲಿ ಎರಡು ಗಿಡಗಳೂ ಚಿತ್ರಸಮೇತವಾಗಿ ಬಂದಿವೆ. ಅಲ್ಲಿ ‘ಬ್ರಾಮಿ’ ಎಂಬ ಹೆಸರಿನ ಕೆಳಗೆ ಚಿತ್ರಿತವಾಗಿರುವುದು ನೀರುಬ್ರಾಹ್ಮಿ. ಒಂದೆಲಗವು ‘ಕೊಡಗೆನ್’ ಎಂಬ ಬೇರೆ ಹೆಸರಿನಿಂದ ಬಂದಿದೆ. ೧೭೬೩ರಲ್ಲಿ ಆಡನ್‌ಸನ್ ಎಂಬ ಫ್ರೆಂಚ್ ಸಸ್ಯಜ್ಞನು ಆ ‘ಬ್ರಾಮಿ’ಯನ್ನೇ ಕುಲನಾಮವಾಗಿ ಎತ್ತಿಕೊಂಡನು. ಕೇರಳದ ವೈದ್ಯರು ಬ್ರಾಹ್ಮಿಯೆಂದರೆ ನೀರುಬ್ರಾಹ್ಮಿಯನ್ನೇ ಗ್ರಹಿಸುವ ಸಂಪ್ರದಾಯವು ಹೀಗೆ ಮೂರು ಶತಮಾನಗಳಿಗಿಂತ ಹಿಂದಿನದೆಂಬುದು ನಿಶ್ಚಿತ. ಬಂಗಾಳದಲ್ಲಿಯೂ ಬ್ರಾಹ್ಮೀಶಾಕವೆಂದರೆ ಇದೇ. ಅಲ್ಲಿ ಒಂದೆಲಗಕ್ಕೆ ಥಾನಕುನಿಯೆಂಬ ಬೇರೆ ಹೆಸರುಂಟು. ತಮಿಳಿನಲ್ಲಿ ಒಂದೆಲಗವು ವಲ್ಲಾರೈ. ಆದರೆ ಉತ್ತರಹಿಂದುಸ್ಥಾನದ ಅಂಗಡಿಗಳಲ್ಲಿ ಬ್ರಾಹ್ಮಿಯೆಂದು ಒಂದೆಲಗವನ್ನು ಮಾರುವುದು ಬಹುಕಾಲದ ವಾಡಿಕೆ. ತೆಲುಗರು ಒಂದೆಲಗವನ್ನು ಸರಸ್ವತಿ ಆಕು ಎನ್ನುತ್ತಾರೆ. ಭಾವಪ್ರಕಾಶದಲ್ಲಿ ಸರಸ್ವತೀ ಎಂಬುದು ಬ್ರಾಹ್ಮಿಯ ಪರ್ಯಾಯವೆಂಬುದನ್ನು ಮೇಲೆಯೇ ಹೇಳಿದೆ. ಕನ್ನಡನಾಡಿನಲ್ಲಿ ಒಂದೆಲಗವನ್ನೂ ಬ್ರಾಹ್ಮಿಯೆನ್ನುವರು, ಮತ್ತೊಂದನ್ನೂ ನೀರೆಂಬ ವಿಶೇಷಣವನ್ನು ಸೇರಿಸಿ ಬ್ರಾಹ್ಮಿಯೆನ್ನುವರು.

ಹೀಗಿರಲು ಒಂದೆಲಗವೆಂಬ ಕನ್ನಡದ ಹೆಸರಿನ ಬೆಲೆ ಎದ್ದುಕಾಣುವುದು. ಅದು ಲಾಂಛನದಿಂದ ಬಂದ ಹೆಸರು. ತೊಟ್ಟಿಗೊಂದೇ ಎಲೆಯೆಂಬ ಗುರುತನ್ನು ಕಂಡವರು ಇಟ್ಟದ್ದು. ಜೋಡಿಯೆಲೆಗಳ ನೀರುಬ್ರಾಹ್ಮಿಗೆ ಅದನ್ನು ಯಾರೂ ಹಚ್ಚಲಾರರು. ಶಾಸ್ತ್ರದ ಭಾಷೆಯಲ್ಲಿ ಜಾರಿಹೋದ ಗುರುತು ಅಡಿಗೆಮನೆಯ ಮಾತಿನಲ್ಲಿ ಉಳಿದುಬಂದಿದೆ. ದೇಶ್ಯೋಕ್ತಿಯನ್ನೂ ಒಂದು ಪ್ರಮಾಣವಾಗಿ ಎಣಿಸಿದ ನರಹರಿಯ ವಿವೇಕವನ್ನು ಇಲ್ಲಿ ಮೆಚ್ಚಬೇಕಾಗುವುದು.

೩

ಇದಕ್ಕೆ ಒಂದು ಆಕ್ಷೇಪಣೆಯು ಬರಬಹುದು. ಎರಡಕ್ಕೂ ಗುಣವು ಒಂದೇ ಎಂದು ಭಾವಮಿಶ್ರನೇ ಹೇಳಿರುವಾಗ, ದ್ರವ್ಯವು ಇದಾದರೇನು ಅದಾದರೇನು? ದೊರೆಯದ ದ್ರವ್ಯಕ್ಕೆ ಪ್ರತಿನಿಧಿಯನ್ನು ಗ್ರಹಿಸಲು ಶಾಸ್ತ್ರದಲ್ಲಿಯೇ ಅನುಮತಿಯುಂಟಲ್ಲವೆ? ಆಕ್ಷೇಪಣೆಯು ವಿಚಾರಾರ್ಹವಾದುದು. ಆದರೆ ಪ್ರತಿನಿಧಿಯನ್ನು ಪ್ರತಿನಿಧಿಯೆಂದು ಅರಿತು ಬಳಸುವುದು ಬೇರೆ; ಅದನ್ನೇ ಮೂಲವೆಂದು ಭ್ರಮಿಸುವುದು ಬೇರೆ. ಮೇಲಾಗಿ ಗುಣಸಾಮ್ಯವೆಂಬುದು ಪರೀಕ್ಷೆಗೆ ಸಿಕ್ಕುವ ಮಾತು. ಕಳೆದ ಕೆಲವು ದಶಕಗಳಲ್ಲಿ ಎರಡು ಗಿಡಗಳೂ ಬೇರೆಬೇರೆಯಾಗಿ ಪರೀಕ್ಷಿತವಾಗಿವೆ; ಫಲಗಳು ಒಂದೇ ತೆರನಾಗಿಲ್ಲ.

ನೀರುಬ್ರಾಹ್ಮಿಯ ಸಾರದಲ್ಲಿರುವ ಮುಖ್ಯವಾದ ವಸ್ತುಗಳನ್ನು ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾಲಯದವರು ೧೯೬೦ರ ದಶಕದಲ್ಲಿ ಬೇರ್ಪಡಿಸಿ ಬಕೊಸೈಡ್ ಎಂದು ಹೆಸರಿಸಿದರು. ಇವು ನೊರೆಗಟ್ಟುವ ಜಾತಿಯ ಸಾಪೊನಿನ್‌ಗಳು. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದು ೨೦೦೧ರಲ್ಲಿ ಪ್ರಕಟವಾದುದೊಂದು ಪ್ರಸಿದ್ಧ. ಅದರಲ್ಲಿ ೪೬ ಮಂದಿ ಆರೋಗ್ಯವಂತರನ್ನು ಎರಡು ಗುಂಪುಮಾಡಿ, ಒಂದಕ್ಕೆ ದಿನಕ್ಕೆ ೩೦೦ ಮಿಲಿಗ್ರಾಂ ಸಾರವನ್ನೂ ಮತ್ತೊಂದಕ್ಕೆ ಔಷಧವಿಲ್ಲದ ಹುಸಿಗುಳಿಗೆಯನ್ನೂ ೧೨ ವಾರ ಕೊಟ್ಟರು. ಯಾರಿಗೆ ಯಾವುದು ಸಂದಿತೆಂಬುದು ಕೊಟ್ಟವರಿಗೂ ತೆಗೆದುಕೊಂಡವರಿಗೂ ತಿಳಿಯದಂತೆ ಏರ್ಪಾಡಿತ್ತು. ೧೨ ವಾರಗಳ ಕೊನೆಯಲ್ಲಿ ಸಾರವನ್ನು ಸೇವಿಸಿದವರು ಕಲಿಕೆಯ ವೇಗದಲ್ಲಿಯೂ ಕಲಿತುದು ನೆಲೆಗೊಳ್ಳುವುದರಲ್ಲಿಯೂ ಮೇಲೆನಿಸಿದರು. ೨೦೦೨ರಲ್ಲಿ ಪ್ರಕಟವಾದ ಮತ್ತೊಂದರಲ್ಲಿ ೪೦ರಿಂದ ೬೫ ವರ್ಷದ ೭೬ ಮಂದಿಗೆ ೩ ತಿಂಗಳು ಕೊಟ್ಟು ನೋಡಲಾಗಿ, ಹೊಸದಾಗಿ ಕಲಿತುದನ್ನು ಮರೆಯುವುದು ಕಡಮೆಯಾಯಿತು. ಆದರೆ ಕಲಿಯುವ ವೇಗವು ಹೆಚ್ಚಲಿಲ್ಲ. ಈ ಅಂಶದಲ್ಲಿ ಎರಡು ಪರೀಕ್ಷೆಗಳೂ ಪರಸ್ಪರ ಹೊಂದುವುದಿಲ್ಲವೆಂಬುದನ್ನು ಮರೆಯಬಾರದು. ೯ ಪರೀಕ್ಷೆಗಳನ್ನು ಒಟ್ಟುಗೂಡಿಸಿ ೨೦೧೪ರಲ್ಲಿ ಪ್ರಕಟವಾದ ಸಮೀಕ್ಷೆಯು ಅವಧಾನದ ಚುರುಕಿನಲ್ಲಿ ಉಪಯೋಗವಿರುವಂತೆ ತೋರುವುದೆಂದೂ, ಇನ್ನೂ ದೊಡ್ಡ ಪರೀಕ್ಷೆಗಳು ಬೇಕೆಂದೂ ನಿರ್ಣಯಿಸಿತು.

ಇಲ್ಲಿ ಲಕ್ಷಿಸತಕ್ಕ ಸಂಗತಿಯೊಂದಿದೆ. ೨೦೦೧ರಲ್ಲಿಯೇ ೩೮ ಮಂದಿಗೆ ೩೦೦ ಮಿಲಿಗ್ರಾಮನ್ನು ಒಂದೇ ಸಲ ಕೊಟ್ಟು ಎರಡು ಗಂಟೆಗಳ ತರುವಾಯ ಪರೀಕ್ಷಿಸಿದಾಗ ಯಾವ ಫಲವೂ ಕಾಣಲಿಲ್ಲ. ಉಪಯೋಗವಿದ್ದರೆ ಅದು ತಿಂಗಳುಗಟ್ಟಲೆಯ ಸೇವನೆಯಿಂದ ಬರತಕ್ಕುದು. ಪರೀಕ್ಷೆಯ ದಿನಗಳು ಹತ್ತಿರವಾದಾಗ ಮಕ್ಕಳಿಗೆ ಬ್ರಾಹ್ಮಿಯನ್ನು ಕುಡಿಸುವ ತಾಯಿತಂದೆಗಳ ಆಸೆಗೆ, ಗಿಡವು ನೀರುಬ್ರಾಹ್ಮಿಯೇ ಆಗಿದ್ದರೂ, ಈ ಪರೀಕ್ಷೆಯಲ್ಲಿ ಆಧಾರವು ದೊರೆಯುವುದಿಲ್ಲ. ಹೊಟ್ಟೆನುಲಿತ, ಓಕರಿಕೆ, ಮಲಪ್ರವೃತ್ತಿ ಹೆಚ್ಚುವುದು ಇವು ಸೇವಿಸಿದ ಕೆಲವರಲ್ಲಿ ಕಂಡುಬಂದಿವೆ.

ಇನ್ನು ಒಂದೆಲಗ. ಇದರ ಸತ್ವವು ಏಷಿಯಾಟಿಕೊಸೈಡ್, ಮಡೆಕಾಸೊಸೈಡ್ ಮುಂತಾದ ಟ್ರೈಟರ್ಪೀನುಗಳಲ್ಲಿದೆ. ಇವು ಚರ್ಮದ ಕೆಳಗಿನ ಅಂಗಾಂಶದಲ್ಲಿ ಕೊಲಾಜನ್ ಎಂಬ ನಾರುದ್ರವ್ಯದ ಉತ್ಪತ್ತಿಯನ್ನು ಪ್ರಚೋದಿಸುವುವು. ಮಡಗಾಸ್ಕರ್ ದ್ವೀಪದಲ್ಲಿ ಈ ಗಿಡವನ್ನು ಕುಷ್ಠದ ವ್ರಣಗಳಿಗೆ ಬಳಸಿ ನೋಡಿದುದರಿಂದ ಮೊದಲಾಗಿ, ಗಾಯಗಳಿಗೂ ಸುಟ್ಟ ಕಲೆಗಳಿಗೂ ಇದರ ಸಾರದ ಮುಲಾಮುಗಳು ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಬಳಕೆಗೆ ಬಂದವು. ಕಾಲಿನ ರಕ್ತನಾಳಗಳು ಸಡಿಲಿ ಊತ ಬರುವ ವ್ಯಾಧಿಯಲ್ಲಿಯೂ ಇದು ಸ್ವಲ್ಪಮಟ್ಟಿಗೆ ಉಪಯುಕ್ತವಾಗಿರಬಹುದೆಂದು ೮ ಪರೀಕ್ಷೆಗಳನ್ನು ಆಧರಿಸಿ ೨೦೧೩ರಲ್ಲಿ ಒಂದು ಸಮೀಕ್ಷೆಯು ಸಂಕೋಚದಿಂದ ಹೇಳಿತು. ಆದರೆ ಬುದ್ಧಿಯ ವಿಷಯದಲ್ಲಿ ಫಲವು ಬೇರೆ. ೧೧ ಪರೀಕ್ಷೆಗಳನ್ನು ಪರಿಶೀಲಿಸಿ ೨೦೧೭ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಜ್ಞಾಪಕ, ಅವಧಾನ ಮುಂತಾದ ಯಾವ ಬುದ್ಧಿವ್ಯಾಪಾರದಲ್ಲಿಯೂ ಒಂದೆಲಗವು ಹುಸಿಗುಳಿಗೆಗಿಂತ ಮೇಲೆಂದು ಸಿದ್ಧವಾಗಲಿಲ್ಲ. ಮನಸ್ಸಿನ ಲವಲವಿಕೆಯಲ್ಲಿ ಮಾತ್ರ ಕೊಂಚ ವ್ಯತ್ಯಾಸವು ತೋರಿತು.

ಈ ಎರಡು ಸಾಕ್ಷ್ಯಗಳನ್ನು ಎದುರುಬದುರಾಗಿಟ್ಟು ನೋಡಿದರೆ ನಿಘಂಟುಗಳ ಒಂದೇ ಪಟ್ಟಿಯೊಳಗೆ ಎರಡು ಗಿಡಗಳ ಕೀರ್ತಿಯು ಬೆರೆತಿರುವಂತೆ ತೋರುವುದು. ಸ್ಮೃತಿಪ್ರದವೆಂಬ ಮಾತಿಗೆ ಈಗ ದೊರೆತಿರುವ ಬೆಂಬಲವು ನೀರುಬ್ರಾಹ್ಮಿಯ ಕಡೆಗಿದೆ. ಕುಷ್ಠಶೋಥಗಳ ಮಾತಿಗೆ ದೊರೆತಿರುವ ಬೆಂಬಲವು ಒಂದೆಲಗದ ಕಡೆಗಿದೆ. ಬೆರಕೆಯು ಹೀಗೆಯೇ ನಡೆಯಿತೆಂದು ಸಾಧಿಸಲು ಇಷ್ಟೇ ಸಾಲದು, ಊಹಿಸಲು ಅವಕಾಶವುಂಟು. ಸಂದೇಹಕ್ಕೆ ಎಡೆಯಿಲ್ಲದ ಸಂಗತಿಯೆಂದರೆ ಇಷ್ಟು: ನೀರುಬ್ರಾಹ್ಮಿಯ ಮೇಲೆ ನಡೆದ ಪರೀಕ್ಷೆಗಳನ್ನು ಉದಾಹರಿಸಿ ಒಂದೆಲಗದ ಚಿತ್ರವನ್ನು ಪಕ್ಕದಲ್ಲಿ ಅಚ್ಚುಹಾಕುವ ಬರಹವು ವಿಜ್ಞಾನಕ್ಕೂ ಶಾಸ್ತ್ರಕ್ಕೂ ಏಕಕಾಲದಲ್ಲಿ ಅನ್ಯಾಯಮಾಡುತ್ತದೆ.

ಅನ್ಯಾಯವು ಕಾಗದದ ಮೇಲೆಯೇ ನಿಲ್ಲುವುದಿಲ್ಲ. ಒಂದೆಲಗದ ಸಾರದ ಗುಳಿಗೆಗಳನ್ನು ಕೆಲವು ವಾರ ಸೇವಿಸಿದ ಮೂವರು ಸ್ತ್ರೀಯರಿಗೆ ಯಕೃತ್ತಿನ ಉರಿಯೂತವುಂಟಾಗಿ, ಸೇವನೆಯನ್ನು ನಿಲ್ಲಿಸಿದ ಮೇಲೆ ಗುಣವಾದ ಪ್ರಸಂಗವು ೨೦೦೫ರಲ್ಲಿ ವೈದ್ಯಪತ್ರಿಕೆಯೊಂದರಲ್ಲಿ ವರದಿಯಾಯಿತು. ಇಂತಹ ಪ್ರಸಂಗಗಳು ವಿರಳ. ಆದರೂ ಯಾವ ಗಿಡವನ್ನು ಸೇವಿಸುತ್ತಿರುವೆನೆಂಬುದೇ ತಿಳಿಯದ ರೋಗಿಯು ತನ್ನ ಕಾಮಾಲೆಗೆ ಕಾರಣವನ್ನು ವೈದ್ಯನಿಗೆ ಹೇಗೆ ತಿಳಿಸಬಲ್ಲನು? ಬ್ರಾಹ್ಮಿಯೆಂದು ಹೇಳಿದರೆ ವೈದ್ಯನು ಬೇರೊಂದು ಗಿಡವನ್ನು ಕುರಿತು ಯೋಚಿಸುವನು. ಹೆಸರಿನ ತಪ್ಪು ಇಲ್ಲಿ ಪ್ರಾಣದ ಬಳಿಗೆ ಬಂದು ನಿಲ್ಲುತ್ತದೆ. ಅಪಸ್ಮಾರದ ರೋಗಿಗೆ ಗುಣಕಥನವನ್ನು ನಂಬಿ ವೈದ್ಯನು ಕೊಟ್ಟ ಔಷಧವನ್ನು ಬಿಡಿಸುವುದಂತೂ ಇನ್ನೂ ಘೋರವಾದ ಪ್ರಮಾದ.

೪

ಇಷ್ಟರಿಂದ ಪ್ರಾಚೀನರ ಮಾತು ಸುಳ್ಳೆಂದು ತೀರ್ಮಾನಿಸುವುದು ಆತುರವಾದೀತು. ಪರೀಕ್ಷೆಗಳಲ್ಲಿ ಕೊಟ್ಟುದು ಒಣಗಿಸಿ ತೆಗೆದ ಸಾರ; ಸಂಹಿತೆಗಳು ಹೇಳುವುದು ಹಸಿಯ ಸ್ವರಸವನ್ನು, ತುಪ್ಪದಲ್ಲಿ ಪಾಕಮಾಡಿದ ಘೃತವನ್ನು, ಸಹದ್ರವ್ಯಗಳನ್ನು, ಪಥ್ಯವನ್ನು. ಧೀ, ಧೃತಿ, ಸ್ಮೃತಿ ಎಂದು ಚರಕನು ವಿಂಗಡಿಸಿದ ಬುದ್ಧಿವ್ಯಾಪಾರಗಳೂ ಈಗಿನ ಪ್ರಯೋಗಶಾಲೆಯಲ್ಲಿ ಪದಗಳ ಪಟ್ಟಿಯನ್ನು ಒಪ್ಪಿಸುವ ಸಾಮರ್ಥ್ಯವೂ ಒಂದೇ ಅಳತೆಯವಲ್ಲ. ಪರೀಕ್ಷೆಗಳು ಶಾಸ್ತ್ರವನ್ನು ಖಂಡಿಸಿವೆಯೆನ್ನುವವರೂ ಸಮರ್ಥಿಸಿವೆಯೆನ್ನುವವರೂ ಈ ಅಂತರವನ್ನು ಮರೆತು ಮಾತನಾಡುತ್ತಾರೆ. ಅವು ಹೇಳುವುದು ಇಂತಹ ಗಿಡದ ಇಂತಹ ಸಾರವನ್ನು ಇಷ್ಟು ಕಾಲ ಸೇವಿಸಿದ ಇಂತಹವರಲ್ಲಿ ಹೀಗಾಯಿತೆಂಬುದನ್ನು ಮಾತ್ರ.

ಕನ್ನಡದ ವಿದ್ವಾಂಸರಿಗೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯುಂಟು. ಲೋಕೋಪಕಾರ, ಗೋವೈದ್ಯ, ಖಗೇಂದ್ರಮಣಿದರ್ಪಣ ಮುಂತಾದ ಪ್ರಾಚೀನ ಶಾಸ್ತ್ರಗ್ರಂಥಗಳ ಪರಂಪರೆಯಲ್ಲಿ ವೈದ್ಯವು ಕನ್ನಡದಲ್ಲಿ ಮಾತನಾಡಿದೆ. ಇಂತಹ ಗ್ರಂಥಗಳನ್ನು ಸಂಪಾದಿಸುವವರು ಕೊನೆಯಲ್ಲಿ ಶಬ್ದಕೋಶವನ್ನು ಸೇರಿಸುವಾಗ, ಬ್ರಾಹ್ಮಿಯೆಂಬ ಪದವು ಬಂದೊಡನೆ ಅಭ್ಯಾಸಬಲದಿಂದ ಒಂದೆಲಗವೆಂದು ಅರ್ಥ ಬರೆದುಬಿಟ್ಟರೆ, ಕವಿಯು ಹೇಳದೆ ಇದ್ದುದನ್ನು ಅವನ ಬಾಯಲ್ಲಿ ತುರುಕಿದಂತಾಗುವುದು. ಗ್ರಂಥದಲ್ಲಿಯೇ ಎಲೆ, ರುಚಿ, ಬೆಳೆಯುವ ನೆಲ ಇವುಗಳ ವರ್ಣನೆಯಿದ್ದರೆ ಅದನ್ನು ಅನುಸರಿಸಿ ನಿರ್ಣಯಿಸಬೇಕು. ಇಲ್ಲದಿದ್ದರೆ ಎರಡು ಗಿಡಗಳನ್ನೂ ಹೆಸರಿಸಿ ನಿರ್ಣಯವನ್ನು ಬಿಟ್ಟಿರುವುದೇ ಮೇಲು. ಆಯುರ್ವೇದೀಯ ದ್ರವ್ಯಗಳ ಸರಕಾರದ ಪ್ರಮಾಣಗ್ರಂಥದಲ್ಲಿ ಬ್ರಾಹ್ಮಿಯೆಂದು ಬಕೋಪವೂ ಮಂಡೂಕಪರ್ಣಿಯೆಂದು ಸೆಂಟೆಲ್ಲವೂ ಪ್ರತ್ಯೇಕವಾಗಿ ನಿರ್ದಿಷ್ಟವಾಗಿವೆ. ಇಂದು ಔಷಧವನ್ನು ತಯಾರಿಸುವವರಿಗೂ ಕೊಳ್ಳುವವರಿಗೂ ಇದು ಒಳ್ಳೆಯ ಅವಲಂಬನ. ಆದರೆ ಈ ನಿರ್ಣಯವನ್ನು ಹಿಂದಕ್ಕೆ ಕೊಂಡೊಯ್ದು ಪ್ರತಿಯೊಂದು ಹಳೆಯ ಪದ್ಯಕ್ಕೂ ಹಚ್ಚುವುದು ಸಾಧುವಲ್ಲ. ಶಂಖಪುಷ್ಪಿಯ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ತೊಡಕಿದೆ; ವಿಷ್ಣುಕ್ರಾಂತಿ, ಶಂಖಪುಷ್ಪದ ಬಳ್ಳಿ ಮುಂತಾಗಿ ಹಲವು ಗಿಡಗಳು ಆ ಹೆಸರಿಗೆ ಹಕ್ಕುದಾರರಾಗಿ ನಿಂತಿವೆ.

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಒಂದೆಲಗವನ್ನು ತೆಂಗಿನಕಾಯಿ, ಜೀರಿಗೆ, ಮೆಣಸುಗಳೊಡನೆ ಅರೆದು ಮಜ್ಜಿಗೆ ಬೆರಸಿ ಮಾಡುವ ತಂಬುಳಿಯ ವಿಷಯದಲ್ಲಿ ಈ ವಿಮರ್ಶೆಯು ಯಾರನ್ನೂ ಹೆದರಿಸತಕ್ಕುದಲ್ಲ. ಸೊಪ್ಪನ್ನು ಆಹಾರವಾಗಿ ಮಿತಿಯಲ್ಲಿ ಉಣ್ಣುವುದು ಬೇರೆ, ಅದರ ಸಾರವನ್ನು ಗುಳಿಗೆಮಾಡಿ ದಿನವೂ ನುಂಗುವುದು ಬೇರೆ. ಬೇಸಗೆಯಲ್ಲಿ ಅನ್ನಕ್ಕೆ ಹಿತವಾಗಿರುವ ಆ ತಂಬುಳಿಗೆ ಸರಸ್ವತಿಯ ಶಿಫಾರಸು ಬೇಕಾಗಿಲ್ಲ. ನೀರು ಸಂಗ್ರಹವಾಗುವ ತಾವಿನಲ್ಲಿ ಬೆಳೆಯುವ ಈ ಗಿಡಗಳು ನೀರಿನ ಕೊಳೆಯನ್ನೂ, ಸೀಸ ಮೊದಲಾದ ಲೋಹಗಳನ್ನೂ ಹೀರಬಲ್ಲುವಾದುದರಿಂದ, ಪಟ್ಟಣಗಳ ಚರಂಡಿಯ ಬದಿಯಲ್ಲಿ ಬೆಳೆದುದನ್ನು ಮಾತ್ರ ಕೀಳಬಾರದು.

ಗಿಡಕ್ಕೆ ಗುಣವುಂಟು, ಹೆಸರಿಗೆ ಇಲ್ಲ. ಮುಂದೆ ಬ್ರಾಹ್ಮಿಯನ್ನು ಕುರಿತು ಬರೆಯುವವರು ಮೊದಲ ವಾಕ್ಯದಲ್ಲಿ ಗಿಡವನ್ನು ಗುರುತಿಸಿ, ಎರಡನೆಯ ವಾಕ್ಯದಿಂದ ಗುಣವನ್ನು ಹೇಳತೊಡಗಿದರೆ, ಪಟ್ಟಿಯು ಇಂದಿಗಿಂತ ಚಿಕ್ಕದಾದೀತು. ಆದರೆ ಉಳಿದುದನ್ನು ಓದುಗರು ನಂಬಬಹುದು. ವೈದ್ಯರೂ, ಸಸ್ಯಶಾಸ್ತ್ರಜ್ಞರೂ, ಗ್ರಂಥಸಂಪಾದಕರೂ ಕೂಡಿ ಕನ್ನಡದ ಮೂಲಿಕಾನಾಮಗಳನ್ನು ಊರೂರಿನ ಬಳಕೆಯೊಡನೆ ಸಂಗ್ರಹಿಸಿ, ಒಂದೊಂದು ಹೆಸರಿಗೂ ಒಣಗಿಸಿದ ಗಿಡದ ಮಾದರಿಯನ್ನಿಟ್ಟು ಪರಿಶೀಲಿಸುವ ಕಾರ್ಯವನ್ನು ಕೈಕೊಳ್ಳುವುದು ಅತ್ಯಂತ ಅಪೇಕ್ಷಣೀಯವಾಗಿರುತ್ತದೆ.